ಬೆಣ್ಣಿ ಸಾಹೇಬನ ಕತ್ತರಿ

ಬಾಡಿಗೆಗೆ ಇದ್ದವರು ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ, ಬಾವಿಯ ಹಗ್ಗ ಸವೆಸುತ್ತಾರೆ, ಅಂಗಳ ಹೊಲಸು ಮಾಡುತ್ತಾರೆ ಎಂದು ದೂರುವ ಮನೆಯೊಡೆಯರನ್ನು ನೀವು ನೋಡಿರಬಹುದು. ನಮ್ಮ ಧಾರವಾಡದ ಸಪ್ತಾಪುರದಲ್ಲಿ ಆಗಲೇ ಸಂಸಾರಸ್ಥರ ಮನೆಗಳಿಗಿಂತ ಬಾಡಿಗೆಯ ಖೋಲಿಗಳು ಹೆಚ್ಚಾಗತೊಡಗಿದ್ದವು. ಸಂಜೆ ತಿರುಗಾಡಲು ಹೊರಟ ಇಬ್ಬರು ಗೃಹಸ್ಥರು ದಾರಿಯಲ್ಲಿ ಎದುರಾದರೆ ಮಾತು ಮಳೆಯಿಂದ ಸುರುವಾಗಿ ಬಾಡಿಗೆದಾರರ ದುರ್ಗುಣಗಳಲ್ಲಿ ಮುಗಿಯುತ್ತಿತ್ತು. ಆ ಮಾತಿನಲ್ಲಿ ಬಾಯಿ ಹಾಕುವ ಯೋಗ ಮಾತ್ರ ನನಗಿರಲಿಲ್ಲ. ನಮ್ಮ ಬಾಡಿಗೆದಾರ ಮಾಡದೆ ಬಿಟ್ಟ ಕೆಲಸವೇ ಇರಲಿಲ್ಲ. ನನಗೆ ತೊಂದರೆಯಾದದ್ದೇ ಅದರಿಂದ.

ಇದು ಎರಡನೆಯ ಮಹಾಯುದ್ಧ ಇನ್ನೂ ಸುರುವಾಗದ ಕಾಲದ ಮಾತು. ನಾನು ಧಾರವಾಡದ ಒಂದು ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದೆ. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಮೂರೇ ಜನ. ಆದರೂ ನಮ್ಮ ಮನೆ ನಡೆಯಲು ಅರ್ಧ ಓಣಿ ದುಡಿಯುತ್ತಿತ್ತು. ಬಟ್ಟೆ ಒಗೆಯಲು ಅಗಸರ ಯಲ್ಲವ್ವ, ಕಟ್ಟಿಗೆ ಒಡೆಯಲು ಒಬ್ಬ, ಹಿತ್ತಲು ಅಗೆಯಲು ಇನ್ನೊಬ್ಬ, ನನ್ನ ಗಡ್ಡಕ್ಕೆ ಬಸಲಿಂಗಪ್ಪ. ಬಾವಿಯ ನೀರು ಸೇದುವುದು ಹೆಂಡತಿಯ ಪಾಲು. ಇಷ್ಟೆಲ್ಲ ಜನ ಸೇರಿ ಎಬ್ಬಿಸಿ, ತೊಳೆದು, ಬೋಳಿಸಿ, ಉಡಿಸಿ ಕಳಿಸಿಕೊಟ್ಟ ಮೇಲೆ ನಾನು ಶಾಲೆಗೆ ಹೋಗಿ ಸ್ವಾವಲಂಬನೆ ಎಂಬ ವಿಷಯದ ಮೇಲೆ ಹುಡುಗರಿಂದ ಪ್ರಬಂಧ ಬರೆಸುತ್ತಿದ್ದೆ. ಅದರಲ್ಲಿ ಏನಾದರೂ ತಮಾಷೆಯಿದೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಒಂದು ದಿನ ಹೆಡ್ ಮಾಸ್ತರರು ನನ್ನನ್ನು ಕರೆದು, ಅಮೇರಿಕೆಯಿಂದ ಒಬ್ಬ ತರುಣ ಬಂದಿದ್ದಾನೆ, ಹತ್ತಿರದ ಮುಗದ ಊರಿನ ಕಡೆಯ ಭತ್ತದ ಬೇಸಾಯ ನೋಡಿಕೊಂಡು ಒಂದು ವರ್ಷ ಇಲ್ಲಿರುತ್ತಾನೆ, ನಿಮ್ಮ ಹೊರಗಿನ ಖೋಲಿ ಖಾಲಿ ಇದೆಯಲ್ಲ ಎಂದರು. ಸರಕಾರದ ಸಾಹೇಬನಾಗಿದ್ದರೆ ಬಂಗಲೆ ಸಿಗುತ್ತಿತ್ತು. ಇವನು ಸರಕಾರದವನಲ್ಲ, ತನ್ನ ಕಾಲೇಜು ಕೊಟ್ಟ ಸ್ವಲ್ಪ ಹಣದಲ್ಲಿ ಬಂದವನು. ನಾನು ಹೂಂ ಅಂದೆ. ಹೆಡ್ ಮಾಸ್ತರರಿಗೆ ಊಹೂಂ ಅನ್ನುವ ಅಭ್ಯಾಸ ನನಗಿರಲಿಲ್ಲ.

ಅವನ ಹೆಸರು ಬೆಂಜಮಿನ್ ಎಂದು ಸುರುವಾಗಿ ಬಹಳ ದೂರ ಹೋಗುತ್ತಿತ್ತು. 'ಬೆನ್ನಿ ಎಂದರೆ ಸಾಕು' ಎಂದ. ಅವ್ವ ಅದನ್ನು ಆ ಕ್ಷಣವೇ ಬೆಣ್ಣಿ ಎಂದು ಮಾಡಿಕೊಂಡಳು. ಮೂವತ್ತು ದಾಟದ ಪ್ರಾಯ, ಬಾಗಿಲಿಗೆ ಹಣೆ ತಾಗುವಷ್ಟು ಎತ್ತರ, ಬಿಸಿಲಿಗೆ ಕೆಂಪಾದ ಮೂಗು. ಬರುವ ಮೊದಲೇ ಯಾವುದೋ ಹಳೆಯ ಪುಸ್ತಕದಿಂದ ಕನ್ನಡ ಕಲಿತಿದ್ದ. ಹೀಗಾಗಿ ಅವನು ಬಾಯಿ ತೆರೆದರೆ ಪುರಾಣ ಓದಿದಂತಾಗುತ್ತಿತ್ತು. ಮೊದಲ ದಿನ ಅವ್ವನ ಎದುರು ನಿಂತು ಕೈ ಮುಗಿದು, "ಮಾತೆಯೇ, ತಮ್ಮ ಗೃಹದಲ್ಲಿ ಜಲವು ಎಲ್ಲಿ ದೊರೆಯುತ್ತದೆ?" ಎಂದು ಕೇಳಿದ. ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಏನ್ ಅಂದ್ನೋ?" ಎಂದಳು. ಕನ್ನಡದಿಂದ ಕನ್ನಡಕ್ಕೆ ಭಾಷಾಂತರ ಮಾಡುವ ನನ್ನ ಉದ್ಯೋಗ ಅಂದಿನಿಂದ ಸುರುವಾಯಿತು.

ಹೊಸಬರು ಯಾರೇ ಬಂದರೂ ಅವ್ವ ಕೇಳುವ ಪ್ರಶ್ನೆಗಳು ಗೊತ್ತಿದ್ದವೇ: ಯಾವೂರು, ಊರಾಗ ಎಷ್ಟು ಮನಿ, ಅಪ್ಪ ಏನು ಮಾಡ್ತಾನ, ಮದುವಿ ಆಗೇತೋ ಇಲ್ಲೋ. ಮದುವೆ ಆಗಿಲ್ಲ ಎಂಬುದು ಬೇಗ ಇತ್ಯರ್ಥವಾಯಿತು. ಅಪ್ಪನ ಪ್ರಶ್ನೆಗೆ ಬಂದಾಗ ತೊಡಕಾಯಿತು. ಅವನ ಇಂಗ್ಲಿಷು ಮೂಗಿನಿಂದ ಬರುತ್ತಿತ್ತು, ನನ್ನದು ವ್ಯಾಕರಣದಿಂದ. ಎರಡೂ ದಾರಿಯಲ್ಲಿ ಅಪರೂಪಕ್ಕೆ ಭೇಟಿಯಾಗುತ್ತಿದ್ದವು. ಗಮನವಿಟ್ಟು ಕೇಳಿ, "ಅವರಪ್ಪ ಪೋಸ್ಟ್ ಮಾಸ್ತರ್ ಇದ್ದನಂತ" ಎಂದೆ. ಅವ್ವನಿಗೆ ಸಮಾಧಾನವಾಯಿತು. ಅವನು ಮತ್ತೂ ಹೇಳುತ್ತಿದ್ದ. "ಮಂದಿ ಕೂದಲಾನೂ ಕತ್ತರಸ್ತಿದ್ದನಂತ" ಎಂದೆ. ಅವ್ವನ ಹುಬ್ಬು ಮೇಲೇರಿತು. "ಊರಾಗ ಬೆಂಕಿ ಬಿದ್ರ ನೀರಿನ ಗಾಡಿ ಹೊಡೀತಿದ್ದನಂತ. ಮಂದಿ ಸತ್ರ ಕುಣಿ ತೋಡ್ತಿದ್ದನಂತ."

ಅವ್ವ ನನ್ನನ್ನೇ ದಿಟ್ಟಿಸಿ ನೋಡಿ, "ಒಬ್ಬ ಅಪ್ಪನ ಸುದ್ದಿ ಕೇಳಿದ್ರ ನೀ ನಾಕು ಮಂದಿ ಸುದ್ದಿ ಹೇಳಾಕತ್ತಿ. ನಿನಗ ಇಂಗ್ಲೀಷು ಬರತೈತಿಲ್ಲೋ ಖರೇ ಹೇಳು" ಎಂದಳು.

ಆದರೆ ಅದು ನಿಜವೇ ಆಗಿತ್ತು. ಅವನ ಊರು ಅಮೇರಿಕೆಯ ನಡುಭಾಗದ ಬಯಲಿನಲ್ಲಿತ್ತು. ಒಂದೇ ಬೀದಿ. ಬೀದಿಯ ತುದಿಗೆ ರೇಲ್ವೆ ಹಳಿ, ಹಳಿಯ ಪಕ್ಕಕ್ಕೆ ಗೋಧಿ ತುಂಬುವ ದೊಡ್ಡ ಕಣಜ. ನಮ್ಮ ಓಣಿಯಲ್ಲಿ ಒಂದು ಲಗ್ನವಾದರೆ ಸೇರುವಷ್ಟು ಜನವೂ ಆ ಇಡೀ ಊರಿನಲ್ಲಿ ಇರಲಿಲ್ಲವಂತೆ. ಇದ್ದ ಜನವೂ ಒಂದು ಸೀಮೆಯವರಲ್ಲ. ಕಮ್ಮಾರ ಜರ್ಮನಿಯಿಂದ ಬಂದವನು, ಖಾನಾವಳಿ ನಡೆಸುವ ವಿಧವೆ ಐರ್ಲಂಡಿನವಳು, ಬೆನ್ನಿಯ ಅಜ್ಜ ಸ್ವೀಡನ್ನಿನವನು. ಮುದುಕರು ಮನೆಯೊಳಗೆ ಒಂದೊಂದು ಭಾಷೆಯಲ್ಲಿ ಜಗಳಾಡಿ, ಬೀದಿಗೆ ಬಂದು ಎಲ್ಲರೂ ಇಂಗ್ಲಿಷಿನಲ್ಲಿ ರಾಜಿಯಾಗುತ್ತಿದ್ದರಂತೆ. ಮಂದಿ ಕಡಿಮೆ, ಕೆಲಸ ಬಹಳ. ಶಾಲೆಯ ಮಾಸ್ತರಿಣಿಯೇ ಹುಡುಗರಿಗೆ ಚಳಿ ಹತ್ತದಂತೆ ಒಲೆಗೂ ಕಟ್ಟಿಗೆ ಒಟ್ಟಬೇಕು. ಅಂಗಡಿಯವನೇ ಹಲ್ಲು ಕೀಳಬೇಕು. ಅಂಥ ಊರಿನಿಂದ ಬಂದವನಿಗೆ, ಕೆಲಸ ಕಣ್ಣಿಗೆ ಬಿದ್ದರೆ ಇದು ಯಾರದು ಎಂದು ಕೇಳುವ ರೂಢಿ ಇರಲಿಲ್ಲ. ಎದ್ದು ಮಾಡಿಬಿಡುತ್ತಿದ್ದ.

ಬಂದ ವಾರದಲ್ಲಿಯೇ ಬಾವಿಗೆ ಕೊಡ ಇಳಿಸಿದ. ತನ್ನ ನೀರಷ್ಟೇ ಸೇದಿಕೊಂಡಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅಡಿಗೆಮನೆಯ ಹಂಡೆಯನ್ನೂ ತುಂಬಿಸಿ ಹೋದ. ನನ್ನ ಹೆಂಡತಿ ತುಂಬಿದ ಹಂಡೆಯನ್ನು ನೋಡಿದಳು, ಆಮೇಲೆ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಕುಳಿತ ನನ್ನನ್ನು ನೋಡಿದಳು. ಅವಳು ಮಾತಾಡಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ.

ಮರುದಿನದಿಂದ ಅವನು ತನ್ನ ಬಟ್ಟೆಯನ್ನು ತಾನೇ ಒಗೆಯತೊಡಗಿದ. ಯಲ್ಲವ್ವ ಗಂಟು ಒಯ್ಯಲು ಬಂದವಳು ಹಿತ್ತಲಿನ ಹಗ್ಗದ ಮೇಲೆ ಸಾಹೇಬನ ಪ್ಯಾಂಟು ಹಾರಾಡುತ್ತಿದ್ದುದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಅವನು ವಿನಯದಿಂದ, "ಸೋದರಿಯೇ, ನಾನು ನನ್ನ ವಸ್ತ್ರಗಳನ್ನು ಸ್ವತಃ ಪ್ರಕ್ಷಾಲಿಸುತ್ತೇನೆ" ಎಂದ. ಯಲ್ಲವ್ವ ನನ್ನ ಕಡೆ ಬಂದು, "ಮಾಸ್ತರ, ಸಾಹೇಬರು ನನಗ ಬೈದ್ರೇನ್ರಿ?" ಎಂದು ಕೇಳಿದಳು. ಬೈದಿಲ್ಲ, ತನ್ನ ಅರಿವೆ ತಾನೇ ಒಕ್ಕೋತೇನಿ ಅಂದ ಎಂದೆ. "ಅದರಕಿಂತಾ ಬೈದಿದ್ರ ಛಲೋ ಇತ್ತಲ್ರಿ" ಎಂದು ಗಂಟನ್ನು ಹೊತ್ತುಕೊಂಡು ಹೋದಳು.

ಇಲ್ಲಿಯವರೆಗೆ ನಡೆದದ್ದನ್ನು ನಾನು ಹೇಗೋ ಸಂಭಾಳಿಸುತ್ತಿದ್ದೆ. ನನ್ನನ್ನು ಸಂಕಟಕ್ಕೆ ದೂಡಿದ್ದು ಅವನ ಕತ್ತರಿ. ಒಂದು ರವಿವಾರ ಅವನು ಅಂಗಳದ ಬೇವಿನ ಗಿಡಕ್ಕೆ ಕನ್ನಡಿ ತೂಗುಹಾಕಿ, ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡ. ಪಕ್ಕದ ಖೋಲಿಗಳಲ್ಲಿದ್ದ ಕಾಲೇಜಿನ ತರುಣರು ಬೇಲಿಯ ಆಚೆ ನಿಂತು ನೋಡಿದರು. ಆಗಿನ ತರುಣರಿಗೆಲ್ಲ ಕ್ರಾಪಿನ ಹುಚ್ಚು ಹಿಡಿದಿತ್ತು. ಧಾರವಾಡದಲ್ಲಿ ಮನಸ್ಸಿಗೆ ಒಪ್ಪುವ ಕ್ರಾಪು ಸಿಗುವುದಿಲ್ಲ ಎಂದು ರೇಲ್ವೆ ಹತ್ತಿ ಹುಬ್ಬಳ್ಳಿಯ ಸಲೂನಿಗೆ ಹೋಗಿ ಬರುವವರಿದ್ದರು. ಅವರಲ್ಲೊಬ್ಬ ಧೈರ್ಯ ಮಾಡಿ ಒಳಗೆ ಬಂದು, ನನಗೂ ಹೀಗೆ ಮಾಡುತ್ತೀರಾ ಎಂದು ಕೇಳಿದ. ಅಪ್ಪನ ಕೈಕೆಳಗೆ ಕಲಿತ ಕೈ, ಸುಮ್ಮನಿರುತ್ತದೆಯೇ? ಮುಂದಿನ ರವಿವಾರ ನಮ್ಮ ಕಟ್ಟೆಯ ಮೇಲೆ ಸಾಲುಗಟ್ಟಿ ತಲೆಗಳು ಕುಳಿತಿದ್ದವು. ಸಾಹೇಬ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಶಿಳ್ಳೆ ಹಾಕುತ್ತ, ಪುರಾಣದ ಕನ್ನಡದಲ್ಲಿ ಕುಶಲ ವಿಚಾರಿಸುತ್ತ, ಒಂದೊಂದೇ ತಲೆಯನ್ನು ಅಮೇರಿಕೆಗೆ ಕಳಿಸುತ್ತಿದ್ದ.

ಆ ವಾರ ಬಸಲಿಂಗಪ್ಪ ನನ್ನ ಗಡ್ಡಕ್ಕೆ ಬರಲಿಲ್ಲ. ಅದರ ಮುಂದಿನ ಪಾಳಿಗೂ ಇಲ್ಲ. ನಮ್ಮಪ್ಪನ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದವನು, ನನ್ನ ಜವಳ ಇಳಿಸಿದ ಕೈ ಅವರಪ್ಪನದು. ಹೆಡ್ ಮಾಸ್ತರರು ನನ್ನ ಗಲ್ಲ ನೋಡಿ, ಮನೆಯಲ್ಲಿ ಏನಾದರೂ ಸೂತಕವೇ ಎಂದು ಮೆಲ್ಲಗೆ ವಿಚಾರಿಸಿದರು. ನಾನೇ ಬಸಲಿಂಗಪ್ಪನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಹಡಪದ ಚೀಲವನ್ನು ಪಕ್ಕಕ್ಕಿಟ್ಟು, ಕತ್ತಿ ಮಸೆಯುವ ಕಲ್ಲನ್ನು ಮುಂದಿಟ್ಟುಕೊಂಡು, ಮಸೆಯದೆ ಕುಳಿತಿದ್ದ.

"ಬರ್ರಿ ಮಾಸ್ತರ, ಕೂಡ್ರಿ" ಎಂದ. ಮರ್ಯಾದೆಗೆ ಕೊರತೆ ಮಾಡಲಿಲ್ಲ. "ನಿಮ್ಮ ಗಡ್ಡಾ ನಾ ಮಾಡಂಗಿಲ್ರಿ. ಸಿಟ್ಟಿಲ್ಲ. ಆದ್ರ ಆ ಕತ್ತರಿ ನಿಮ್ಮ ಮನ್ಯಾಗ ಇರೋತನಕಾ ನನ್ನ ಹಡಪ ನಿಮ್ಮ ಕಟ್ಟಿ ಹತ್ತಂಗಿಲ್ಲ."

"ಅಂವಾ ಪರದೇಶದಂವಾ ಬಸಲಿಂಗಪ್ಪ, ಅವಗ ತಿಳಿದಿಲ್ಲ" ಎಂದೆ.

"ಅದು ನನಗೂ ಗೊತ್ತೈತ್ರಿ. ಅದಕ್ಕ ಅವಗ ಏನೂ ಅಂದಿಲ್ಲ ನಾ. ಹುಡುಗೂರು ಮೊದಲ ಹುಬ್ಬಳ್ಳಿಗೆ ಹೊಂಟಿದ್ರು, ಈಗ ನಿಮ್ಮ ಅಂಗಳಕ್ಕ ಬರಾಕತ್ತಾರ. ಉಳಿದವರು ಮುದುಕರು. ಅವರೂ ವರ್ಷಕ್ಕ ಇಬ್ಬರು ಮೂವರು ಹೊಂಟ ನಿಂತಾರ." ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ನನ್ನ ಹೆಂಡ್ತಿ ತಮ್ಮ ಹುಬ್ಬಳ್ಳಿ ಗಿರಣ್ಯಾಗ ಅದಾನ. ಹತ್ತಿ ಅಂಡಿಗಿ ಹೊರೂ ಕೆಲಸ ಐತಿ, ಬಾ ಅಂದಾನ. ಮುಂದಿನ ತಿಂಗಳಾ ಹೋಗಬೇಕಂತ ಮಾಡೇನ್ರಿ."

ಅರವತ್ತರ ಹತ್ತಿರದ ಮನುಷ್ಯ. ಕತ್ತಿ ಹಿಡಿದರೆ ಗಲ್ಲಕ್ಕೆ ಗಾಳಿ ಸೋಕಿದಷ್ಟು ಹಗುರಾದ ಕೈ. ಆ ಕೈಗಳು ಹತ್ತಿ ತುರುಕಿದ ದೊಡ್ಡ ಮೂಟೆ ಎತ್ತುವುದನ್ನು ಊಹಿಸಿಕೊಂಡೆ. ನನ್ನ ಗಡ್ಡದ ಚಿಂತೆ ಅಲ್ಲಿಗೇ ಹೋಯಿತು. ರವಿವಾರ ಒಮ್ಮೆ ಮನೆಗೆ ಬಾ, ಸಾಹೇಬನ ಜೊತೆ ಎದುರಾ ಎದುರು ಮಾತಾಡು, ಆಮೇಲೆ ಬೇಕಾದರೆ ಹೋಗುವಿಯಂತೆ ಎಂದು ಬೇಡಿಕೊಂಡೆ. ಅವನು ಒಪ್ಪಿಕೊಂಡದ್ದು ನನ್ನ ಮಾತಿಗಲ್ಲ, ಅವ್ವ ಕರೆದಿದ್ದಾಳೆ ಎಂದು ನಾನು ಸೇರಿಸಿದ್ದಕ್ಕೆ.

ರವಿವಾರ ಬಸಲಿಂಗಪ್ಪ ತೊಳೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಬಂದ. ಕಟ್ಟೆಯ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಸಾಹೇಬ, ನಡುವೆ ಗಡ್ಡ ಬಿಟ್ಟುಕೊಂಡ ನಾನು. ಕಾಲೇಜಿನ ತರುಣರು ಕತ್ತರಿಸಿಕೊಳ್ಳಲು ಬಂದವರು ವಾದ ಕೇಳಲು ಕುಳಿತರು. ಅವ್ವ ಹೊಸ್ತಿಲ ಮೇಲೆ ಕುಳಿತಳು. ನಾನು ಸಾಹೇಬನಿಗೆ ವಿಷಯವನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ತನ್ನಿಂದ ಒಬ್ಬನ ಅನ್ನ ಹೋಗುತ್ತಿದೆ ಎಂದು ತಿಳಿದಾಗ ಅವನ ಮೂಗಿನ ಕೆಂಪು ಮುಖಕ್ಕೆಲ್ಲ ಹಬ್ಬಿತು.

ಬಸಲಿಂಗಪ್ಪ ಜಗಳ ತೆಗೆಯಲಿಲ್ಲ. ಮೊದಲು, ಅವ್ವನಿಂದ ಓಣಿಗೆಲ್ಲ ಹಬ್ಬಿದ್ದ ಸಾಹೇಬನ ಊರಿನ ಮತ್ತು ತೀರಿಕೊಂಡ ಅಪ್ಪನ ಸುದ್ದಿ ಎತ್ತಿದ. "ನಿಮ್ಮ ಊರಾಗ ಒಬ್ಬನಾ ಎಲ್ಲಾ ಮಾಡ್ತಾನಂತಲ್ರಿ, ಖರೇ ಏನು?"

ಸಾಹೇಬ ಖರೇ ಎಂದು ತಲೆಯಾಡಿಸಿದ.

"ನಿಮ್ಮಪ್ಪ ಕೂದಲಾ ಕತ್ತರಸ್ತಿದ್ನಂತ. ಟಪಾಲೂ ಹಂಚತಿದ್ನಂತ. ಕುಣೀನೂ ತೋಡ್ತಿದ್ನಂತ."

"ಸತ್ಯ" ಎಂದ ಸಾಹೇಬ.

"ಹಂಗಾದ್ರ ಒಂದು ಮಾತು ಹೇಳ್ರಿ. ಅಂವಾ ಸತ್ತಾಗ ಹೆಂಗ ಮಾಡಿದ್ರಿ?"

ಇದನ್ನು ಭಾಷಾಂತರಿಸುವುದೋ ಬೇಡವೋ ಎಂದು ನಾನು ತಡೆದೆ. ಬೇಕಾಗಿರಲಿಲ್ಲ; ಅವನಿಗೆ ತಿಳಿದಿತ್ತು. ಶಬ್ದಗಳನ್ನು ಒಂದೊಂದಾಗಿ ಹುಡುಕಿಕೊಂಡು ತನ್ನ ಪುಸ್ತಕದ ಕನ್ನಡದಲ್ಲಿಯೇ ಹೇಳಿದ: "ಆ ದಿನ ನಮ್ಮ ಗ್ರಾಮದಲ್ಲಿ ಕ್ಷೌರಿಕನು ಇರಲಿಲ್ಲ. ಅಂಚೆಯವನು ಇರಲಿಲ್ಲ. ಗುಂಡಿ ತೋಡುವವನು ಇರಲಿಲ್ಲ. ಎಲ್ಲರೂ ಒಂದೇ ಪೆಟ್ಟಿಗೆಯಲ್ಲಿ ಮಲಗಿದ್ದರು. ಭೂಮಿಯು ಹಿಮದಿಂದ ಕಲ್ಲಾಗಿತ್ತು. ನಾನೇ ತೋಡಿದೆ. ತೋಡುವ ಮೊದಲು ತಂದೆಯ ಕೂದಲನ್ನು ನಾನೇ ಸರಿಮಾಡಿದೆ. ಅವರು ಕೆದರಿದ ತಲೆಯೊಂದಿಗೆ ಯಾರನ್ನೂ ಕಳಿಸುತ್ತಿರಲಿಲ್ಲ."

ಆ ಕನ್ನಡಕ್ಕೆ ಅಂದು ಯಾರೂ ನಗಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಬಸಲಿಂಗಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಈಗ ಅಲ್ಲೆ ಯಾರು ಕತ್ತರಸ್ತಾರ?" ಎಂದು ಕೇಳಿದ.

"ನಾನು ಅಲ್ಲಿ ಇರುವವರೆಗೆ ನಾನು. ಈಗ ಯಾರೂ ಇಲ್ಲ. ತರುಣರು ಪಟ್ಟಣಗಳಿಗೆ ಹೋಗುತ್ತಾರೆ. ಹೋದವರು ಕೂದಲು ಕತ್ತರಿಸಲು ಮರಳಿ ಬರುವುದಿಲ್ಲ."

"ನಮ್ಮ ಹುಡುಗೂರೂ ಹಂಗ ಹೊಂಟಾರ್ರಿ, ಹುಬ್ಬಳ್ಳಿಗೆ" ಎಂದ ಬಸಲಿಂಗಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾವಿರಾರು ಮೈಲಿ ದೂರದ ಎರಡು ಊರುಗಳ ಕಷ್ಟ ಒಂದೇ ಎಂದು ತಿಳಿದವರು ನೋಡುವ ಹಾಗೆ ನೋಡಿದರು. ಸಾಹೇಬ ಎದ್ದು ತನ್ನ ಖೋಲಿಗೆ ಹೋಗಿ ಆ ಕತ್ತರಿಯನ್ನು ತಂದು ಬಸಲಿಂಗಪ್ಪನ ಮುಂದೆ ಇಟ್ಟ. ಅವರಪ್ಪನ ಕತ್ತರಿ ಅದು. ಇನ್ನು ಮೇಲೆ ಇದು ನಿನ್ನ ಕೈಯಲ್ಲಿರಲಿ, ಕ್ರಾಪು ಹೇಗೆಂದು ನಾನು ತೋರಿಸುತ್ತೇನೆ, ನಾನು ಇನ್ನು ಯಾರ ತಲೆಯನ್ನೂ ಮುಟ್ಟುವುದಿಲ್ಲ ಎಂದ.

ಬಸಲಿಂಗಪ್ಪ ಕತ್ತರಿಯನ್ನು ಎತ್ತಿಕೊಂಡು ಅದರ ಬಾಯಿ ತೆರೆದು ಮುಚ್ಚಿ ನೋಡಿದ. ಒಳ್ಳೆಯ ಹತಾರ ಕಂಡಾಗ ಅವನ ಮುಖಕ್ಕೆ ಬರುವ ಕಳೆ ಬಂತು. "ಕಲೀತೇನ್ರಿ. ವಯಸ್ಸಾದ್ರ ಏನಾತು, ಕಲೀತೇನಿ. ಆದ್ರ ಕಲಿಯಾಕ ಒಂದು ತಲಿ ಬೇಕಲ್ರಿ" ಎಂದ.

ತರುಣರೆಲ್ಲ ಒಮ್ಮೆಲೇ ತಮ್ಮ ತಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಅವ್ವ ಹೊಸ್ತಿಲ ಮೇಲಿನಿಂದ, "ನಮ್ಮ ತಮ್ಮ ಅದಾನಲ್ಲ" ಎಂದು ನನ್ನ ಕಡೆ ಬೆರಳು ಮಾಡಿದಳು. ನಾನು ಈ ಸಂಧಾನಕ್ಕೆ ನಾಲಿಗೆಯನ್ನಷ್ಟೇ ಕೊಡುವವನಿದ್ದೆ. ಆದರೆ ಅಷ್ಟು ಜನ ಆಸೆಯಿಂದ ನೋಡುತ್ತಿರುವಾಗ ತಲೆಯನ್ನು ಹಿಂದೆ ಸರಿಸುವುದು ಹೇಗೆ?

ಬೇವಿನ ಗಿಡದ ಕೆಳಗೆ ನನ್ನನ್ನು ಕುಳ್ಳಿರಿಸಿದರು. ಎಡಕ್ಕೆ ಸಾಹೇಬ ಕೈಸನ್ನೆ ಮಾಡಿ ತೋರಿಸುವುದು, ಬಲಕ್ಕೆ ಬಸಲಿಂಗಪ್ಪ ಕತ್ತರಿಸುವುದು. ಬಲಭಾಗ ಮುಗಿಯುವ ಹೊತ್ತಿಗೆ ಅವರಿಬ್ಬರ ನಡುವೆ ಕಿವಿಯ ಹಿಂದಿನ ಕೂದಲಿನ ಬಗ್ಗೆ ಭಿನ್ನಾಭಿಪ್ರಾಯ ಬಂತು. ಇಬ್ಬರೂ ತಮ್ಮ ತಮ್ಮ ಅಪ್ಪಂದಿರ ಪದ್ಧತಿಯನ್ನು ಬಿಡಲು ತಯಾರಿರಲಿಲ್ಲ. ಕಡೆಗೆ ಇಬ್ಬರ ಮಾತೂ ನಡೆಯಿತು, ಒಂದು ಕಿವಿಗೆ ಒಬ್ಬರಂತೆ. ಸೋಮವಾರ ತರಗತಿಯಲ್ಲಿ ನಾನು ಕಪ್ಪು ಹಲಗೆಯ ಕಡೆ ತಿರುಗಿದಾಗಲೆಲ್ಲ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಹೆಡ್ ಮಾಸ್ತರರು ನನ್ನನ್ನು ಮೊದಲು ಪೂರ್ವದಿಂದ ನೋಡಿ, ಆಮೇಲೆ ಪಶ್ಚಿಮದಿಂದ ನೋಡಿ ಒಳಗೆ ಹೋದರು.

ಆದರೆ ಬಸಲಿಂಗಪ್ಪ ಬೇಗ ಕಲಿತ. ಮೂರನೆಯ ರವಿವಾರಕ್ಕೆ ತರುಣರು ತಾವಾಗಿ ತಲೆ ಕೊಟ್ಟರು. ಆ ತಲೆಗಳು ಕಾಲೇಜಿಗೆ ಹೋಗಿ ಇನ್ನಷ್ಟು ತಲೆಗಳನ್ನು ಕರೆತಂದವು. ಹುಬ್ಬಳ್ಳಿಯ ಗಿರಣಿಯ ಮಾತು ನಿಂತೇ ಹೋಯಿತು. ಯಲ್ಲವ್ವನ ತಕರಾರನ್ನು ಅವ್ವನೇ ಬಗೆಹರಿಸಿದಳು: ಸಾಹೇಬನ ದಪ್ಪ ಅರಿವೆ ಯಲ್ಲವ್ವನಿಗೆ, ತೆಳ್ಳಗಿನವು ಅವನಿಗೇ. ನೀರಿನ ವಿಷಯ ಮಾತ್ರ ಬಗೆಹರಿಯಲಿಲ್ಲ. ಅವನು ಮುಗದಕ್ಕೆ ಹೋದ ದಿನ ಹಂಡೆ ಖಾಲಿ ಇರುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು. ಕೆಲವು ದಿನ ಸಹಿಸಿಕೊಂಡು, ಒಂದು ಮುಂಜಾನೆ ಎದ್ದು ಹೋಗಿ ಹಗ್ಗ ಹಿಡಿದೆ. ಮೊದಲ ಕೊಡ ಬಾವಿಯ ಪಾಲಾಯಿತು. ಅವಳು ಆಗ ನಕ್ಕಷ್ಟು ಮದುವೆಯಾದಾಗಿನಿಂದ ನಕ್ಕಿರಲಿಲ್ಲ.

ವರ್ಷ ತುಂಬಿ ಸಾಹೇಬ ಹೊರಟಾಗ ಅವನ ಬಾಯಲ್ಲಿ ಪುಸ್ತಕದ ಕನ್ನಡ ಉಳಿದಿರಲಿಲ್ಲ. "ಹೋಗಿ ಬರ್ತೇನ್ರಿ ಅವ್ವಾರ" ಎಂದು ಅವ್ವನ ಕಾಲು ಮುಟ್ಟಿದ. ಅವ್ವ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, ಊರಿಗೆ ಹೋದ ಮೇಲೆ ಮೊದಲು ಮದುವೆ ಮಾಡಿಕೋ ಎಂದಳು. ಬಸಲಿಂಗಪ್ಪ ಸ್ಟೇಶನ್ನಿನವರೆಗೆ ಬಂದ. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ತಿರುಗಿ ಕೊಡಲು ತಂದಿದ್ದ, ತನಗೆ ಅಂಥದೇ ಇನ್ನೊಂದು ಮಾಡಿಸಿಕೊಂಡಿದ್ದ. "ನಿಮ್ಮಪ್ಪಂದು, ನಿಮ್ಮ ಊರಾಗ ಇರಲಿ. ಆದ್ರ ಒಂದು ಮಾತು ಬೆಣ್ಣಿ ಸಾಹೇಬ, ಅಲ್ಲೆ ಹೋಗಿ ಮತ್ತೊಬ್ಬಗ ಕಲಸ್ರಿ. ಕೂದಲಾ ಒಬ್ಬಗ, ಟಪಾಲು ಒಬ್ಬಗ. ಎಲ್ಲಾ ಒಬ್ಬನ ಮ್ಯಾಲೆ ಹೇರಬ್ಯಾಡ್ರಿ." ಸಾಹೇಬ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ರೇಲ್ವೆ ಹೊರಟ ಮೇಲೂ ಬಸಲಿಂಗಪ್ಪ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದ. ಆಮೇಲೆ, "ಹಿಂದ ಕುತ್ತಿಗಿ ಮ್ಯಾಲೆ ಒಂದೀಟು ಉಳದಿತ್ತರಿ, ನೋಡಿದ್ರೇನು? ಮುಂಜಾನೆ ಸರಿಮಾಡಬೇಕಿತ್ತು" ಎಂದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಈಗ ಬಸಲಿಂಗಪ್ಪನಿಗೆ ಕಾಲೇಜಿನ ದಾರಿಯಲ್ಲಿ ಸ್ವಂತ ಅಂಗಡಿಯಿದೆ. ತಿರುಗುವ ಕುರ್ಚಿ, ಎದುರಿಗೊಂದು ಹಿಂದಕ್ಕೊಂದು ಕನ್ನಡಿ. ಅಳಿಯನೂ ಜೊತೆಗೆ ದುಡಿಯುತ್ತಾನೆ. ಮನೆ ಮನೆಗೆ ಹೋಗಲು ಅವನಿಗೆ ಪುರುಸೊತ್ತಿಲ್ಲ, ಆದ್ದರಿಂದ ನಾನೇ ಅಲ್ಲಿಗೆ ಹೋಗಬೇಕು. ಮೊನ್ನೆ ರವಿವಾರ ಹೋದಾಗ ಬೆಂಚು ತುಂಬ ಕಾಲೇಜಿನವರು. ನನ್ನನ್ನು ಕಂಡು ಬಸಲಿಂಗಪ್ಪ ಪ್ರೀತಿಯಿಂದ ಜಾಗ ಮಾಡಿಸಿ ಕೂರಿಸಿದ. ನನಗಿಂತ ಆಮೇಲೆ ಬಂದ ಇಬ್ಬರು ಕುರ್ಚಿ ಹತ್ತಿ ಇಳಿದರು, ಮೂರನೆಯವನೂ ಹತ್ತಿದ. ಹಳೆಯ ಗಿರಾಕಿ, ಅದರಲ್ಲೂ ಈ ವಿದ್ಯೆಗೆ ಮೊದಲು ತಲೆ ಕೊಟ್ಟವನು, ನನ್ನ ಪಾಳಿ ಯಾವಾಗ ಎಂದು ಕೇಳಿದೆ.

"ನಿಮಗೇನ್ ಗಡಿಬಿಡಿ ಮಾಸ್ತರ, ಆರಾಮ ಕೂಡ್ರಿ" ಎಂದ ಬಸಲಿಂಗಪ್ಪ, ಕತ್ತರಿ ನಿಲ್ಲಿಸದೆ. "ಮೊದಲ ಕೂದಲಾ ಇದ್ದವರದು ಮುಗಸ್ತೇನಿ."

ಎದುರಿನ ಕನ್ನಡಿಯಲ್ಲೂ ಹಿಂದಿನ ಕನ್ನಡಿಯಲ್ಲೂ ನನ್ನ ತಲೆ ಕಾಣುತ್ತಿತ್ತು. ವಾದಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ನಾನು ಪತ್ರಿಕೆ ಬಿಡಿಸಿಕೊಂಡು ಕುಳಿತೆ.